ಕಂಪನಿ ಬೆನಿಫಿಟ್‌ನಲ್ಲಿ ಡೂಲಾ ಖರ್ಚು ಭರಿಸೋದು ಹೇಗೆ? ಹೆರಿಗೆ ತುಮಕೂರಿನಲ್ಲಿ

ಕ್ಯಾತ್ಸಂದ್ರ_ತವರುಮನೆ:

ಕೆಲಸ ಬೆಂಗಳೂರಿನ ಕಂಪನಿಯಲ್ಲಿ, ಚೊಚ್ಚಲ ಹೆರಿಗೆ ತವರಾದ ತುಮಕೂರಿನ ಖಾಸಗಿ ಆಸ್ಪತ್ರೆಯಲ್ಲಿ. ಈಗ 24 ವಾರ, ಡ್ಯೂ ಡೇಟ್ ಏಪ್ರಿಲ್ 18. ಬೆಂಗಳೂರಿನ ಒಬ್ಬ ಡೂಲಾ (ಹೆರಿಗೆ ವೇಳೆ ಜೊತೆಗಿದ್ದು ಬೆಂಬಲ ಕೊಡುವವರು) ಒಟ್ಟು 30,000 ರೂಪಾಯಿ ಹೇಳಿದ್ದಾರೆ: ಹೆರಿಗೆಗೆ ಮುಂಚೆ 3 ಭೇಟಿ, ನೋವು ಶುರುವಾದಾಗಿಂದ ಮಗು ಹುಟ್ಟುವವರೆಗೆ ಜೊತೆಗಿರೋದು, ಆಮೇಲೆ ಬಾಣಂತಿ ಮನೆಗೆ 2 ಭೇಟಿ.

ಕಂಪನಿಯಲ್ಲಿ ಇರೋದು ಎರಡು. ಗ್ರೂಪ್ ಇನ್ಶೂರೆನ್ಸ್, ಅದರಲ್ಲಿ ಹೆರಿಗೆಗೆ 60,000 ಮಿತಿ. ಇನ್ನೊಂದು ವರ್ಷಕ್ಕೆ 15,000ದ ವೆಲ್‌ನೆಸ್ ಅಲೊವೆನ್ಸ್, ಏಪ್ರಿಲ್‌ನಿಂದ ಮಾರ್ಚ್ ಲೆಕ್ಕ. ಡೂಲಾ ಹಣವನ್ನು ಯಾವುದರಲ್ಲಿ ಕೇಳಬಹುದು? ಬಿಲ್ ಹೇಗಿರಬೇಕು? ಆಸ್ಪತ್ರೆಯವರು ಒಳಗೆ ಬಿಡದಿದ್ದರೆ ಕೊಟ್ಟ ದುಡ್ಡಿನ ಗತಿ ಏನು?

ಬೆನಿಫಿಟ್ಸ್_ಡೆಸ್ಕ್:

ಮೊದಲು ಇನ್ಶೂರೆನ್ಸ್ ಆಸೆ ಬಿಡಿ. ಇನ್ಶೂರೆನ್ಸ್ ಕೊಡೋದು ಆಸ್ಪತ್ರೆಯ ಬಿಲ್ಲಿಗೆ ಮತ್ತು ನೋಂದಾಯಿತ ವೈದ್ಯರ ಚಿಕಿತ್ಸೆಗೆ. ಡೂಲಾ ವೈದ್ಯಕೀಯ ಸಿಬ್ಬಂದಿ ಅಲ್ಲ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಪ್ರಕಟಿಸಿರುವ, ಪಾಲಿಸಿಯಲ್ಲಿ ಹಣ ಸಿಗದ ಬಾಬುಗಳ ಮೊದಲ ಪಟ್ಟಿಯಲ್ಲಿ ಅಟೆಂಡೆಂಟ್ ಚಾರ್ಜ್, ಖಾಸಗಿ ನರ್ಸ್ ಚಾರ್ಜ್ ಎರಡೂ ಇವೆ. ನರ್ಸಿಗೇ ಇಲ್ಲ ಅಂದಮೇಲೆ ಡೂಲಾಗೆ ಸಿಗುವ ಮಾತಿಲ್ಲ. ಪಾಲಿಸಿಯಲ್ಲಿ ಪ್ರೀ-ಪೋಸ್ಟ್ ನೇಟಲ್ ಸೌಲಭ್ಯ ಅಂತ ಇದ್ದರೂ ಅದು ಸ್ಕ್ಯಾನಿಂಗ್, ರಕ್ತ ಪರೀಕ್ಷೆ, ಡಾಕ್ಟರ್ ಫೀಸಿಗೆ, ಅದೂ ಸಾಮಾನ್ಯವಾಗಿ ಅದೇ 60,000ದ ಒಳಗೆ. "ನರ್ಸಿಂಗ್ ಅಂತ ಬರೆಸಿಬಿಡಿ, ಪಾಸಾಗುತ್ತೆ" ಅಂತ ಸಲಹೆ ಕೊಡುವವರಿರ್ತಾರೆ. ಖಂಡಿತ ಬೇಡ. ಅದು ಸುಳ್ಳು ಕ್ಲೇಮ್, ಇಡೀ ಹೆರಿಗೆ ಕ್ಲೇಮನ್ನೇ ತಡೆಹಿಡಿಯಲು ಕಾರಣವಾಗುತ್ತೆ.

ನಿಮ್ಮ ದಾರಿ ವೆಲ್‌ನೆಸ್ ಅಲೊವೆನ್ಸ್. ಪಾಲಿಸಿ ಪುಟದಲ್ಲಿ "ಡೂಲಾ" ಅನ್ನೋ ಪದ ಹುಡುಕಬೇಡಿ, ಸಿಗೋದು ಕಡಿಮೆ. "ಹೆರಿಗೆ ಪೂರ್ವ ತರಬೇತಿ", "ಪ್ರಸವ ಬೆಂಬಲ", "ಹಾಲೂಡಿಸುವ ಸಲಹೆ", "ಪೇರೆಂಟಿಂಗ್" ಇಂಥವು ಇದ್ದರೆ ಗುರುತು ಮಾಡಿಕೊಳ್ಳಿ. ಆಮೇಲೆ ಎಚ್‌ಆರ್‌ಗೆ ಮೇಲ್ ಹಾಕಿ, ಹಣ ಕೊಡುವ ಮುಂಚೆ. ಮೇಲ್‌ನಲ್ಲಿ ಕೇಳಬೇಕಾದ್ದು ಇಷ್ಟು: ಈ ಸೇವೆ ಅಲೊವೆನ್ಸ್‌ಗೆ ಒಳಪಡುತ್ತದೆಯೇ, ಡಾಕ್ಟರ್ ಚೀಟಿ ಬೇಕೇ, ಜಿಎಸ್‌ಟಿ ನಂಬರ್ ಇಲ್ಲದ ವ್ಯಕ್ತಿಯ ಬಿಲ್ ನಡೆಯುತ್ತದೆಯೇ, ಹೆರಿಗೆ ರಜೆಯಲ್ಲಿರುವಾಗ ಪೋರ್ಟಲ್ ತೆರೆದಿರುತ್ತದೆಯೇ. ಕೊನೆಯದನ್ನು ಮರೆಯಬೇಡಿ. ದೀರ್ಘ ರಜೆಗೆ ಹೋದವರ ಕ್ಲೇಮ್ ಖಾತೆಯನ್ನು ಕೆಲವು ಕಡೆ ವಾಪಸ್ ಬರುವವರೆಗೆ ಮುಚ್ಚಿಡ್ತಾರೆ. ಅಷ್ಟರಲ್ಲಿ ಬಿಲ್ ಸಲ್ಲಿಸುವ ಗಡುವು ಮುಗಿದಿರುತ್ತೆ. ಉತ್ತರ ಬಾಯಿಮಾತಲ್ಲಿ ಬಂದರೆ ಸಾಲದು, ಬರಹದಲ್ಲಿ ಬರಲಿ.

ನಿಮ್ಮ ಡ್ಯೂ ಡೇಟ್ ಒಂದು ಅನುಕೂಲ ಮಾಡಿಕೊಟ್ಟಿದೆ: ಎರಡು ಹಣಕಾಸು ವರ್ಷದ ಅಲೊವೆನ್ಸ್ ಬಳಸಬಹುದು. ಮೂರು ಭೇಟಿಗೆ ತಲಾ 3,000ದಂತೆ 9,000, ಹೆರಿಗೆಗೆ 16,000, ಬಾಣಂತಿ ಭೇಟಿ ಎರಡಕ್ಕೆ 5,000 ಅಂತ ಒಪ್ಪಂದದಲ್ಲೇ ಬಿಡಿಸಿ ಬರೆಸಿಕೊಳ್ಳಿ. ಮೊದಲ 9,000ದ ಸೇವೆ ಮಾರ್ಚ್ 31ರೊಳಗೆ ಮುಗಿದು ಬಿಲ್ ಆದರೆ ಈ ವರ್ಷದ ಲೆಕ್ಕ. ಉಳಿದ 21,000ದಲ್ಲಿ 15,000 ಹೊಸ ವರ್ಷದ್ದು. 15,000ದ ಬದಲು 24,000 ಸಿಕ್ಕಿತು. ಆದರೆ ಪೂರ್ತಿ 30,000ವನ್ನು ಮಾರ್ಚ್‌ನಲ್ಲೇ ಅಡ್ವಾನ್ಸ್ ಬಿಲ್ ಮಾಡಿಸಿದರೆ ತಿರಸ್ಕಾರ ಆಗುತ್ತೆ, ಏಕೆಂದರೆ ಕೊಡದ ಸೇವೆಗೆ ರೀಇಂಬರ್ಸ್‌ಮೆಂಟ್ ಇಲ್ಲ.

ತೆರಿಗೆಯೂ ಇದೆ. ಡೂಲಾಗೆ ಕಂಪನಿ ಕೊಟ್ಟ ಹಣ ಸಂಬಳದ ಭಾಗವೇ, ವಿನಾಯಿತಿ ಇಲ್ಲ. ಹಿಂದೆ ಇದ್ದ 15,000ದ ವೈದ್ಯಕೀಯ ಮರುಪಾವತಿ ವಿನಾಯಿತಿ 2018ರ ಬಜೆಟ್‌ನಲ್ಲೇ ಹೋಯಿತು. ನೀವು 20% ಹಂತದಲ್ಲಿದ್ದರೆ ಸೆಸ್ ಸೇರಿ 20.8%, ಅಂದರೆ 24,000ದಲ್ಲಿ 4,992 ಕಡಿತ. ಕೈಯಿಂದ ಹೋಗೋದು ಕೊನೆಗೆ 10,992 ರೂಪಾಯಿ. ಈ ಲೆಕ್ಕ ಇಟ್ಟುಕೊಂಡೇ ಡೂಲಾ ಜೊತೆ ಮಾತಾಡಿ.

ಅಮೆರಿಕದ ಪುಟಗಳಲ್ಲಿ ಓದುವ ಎಚ್‌ಎಸ್‌ಎ, ಎಫ್‌ಎಸ್‌ಎ (ಆರೋಗ್ಯದ ಖರ್ಚಿಗೆ ತೆರಿಗೆ ಇಲ್ಲದೆ ಹಣ ತೆಗೆದಿಡುವ) ಖಾತೆಗಳು ಅಲ್ಲಿನ ತೆರಿಗೆ ಕಾನೂನಿನವು, ಇಲ್ಲಿನ ನೌಕರರಿಗೆ ಅನ್ವಯಿಸೋದಿಲ್ಲ. ಕಂಪನಿ ಅಮೆರಿಕದ್ದೇ ಆಗಿದ್ದರೂ ನೋಡಬೇಕಾದ್ದು ಭಾರತದ ನೌಕರರಿಗಾಗಿ ಇರುವ ಬೆನಿಫಿಟ್ ದಾಖಲೆಯನ್ನು.

ಹೆರಿಗೆ_ಜೊತೆಗಾತಿ:

ಬಿಲ್ ಬಗ್ಗೆ. ಡೂಲಾ ಹೆಸರು, ವಿಳಾಸ, ಪ್ಯಾನ್, ಬಿಲ್ ನಂಬರ್, ದಿನಾಂಕ, ಪ್ರತಿ ಭೇಟಿಯ ತಾರೀಖು, ಸಹಿ ಇರಬೇಕು. ಬಿಲ್ ನೌಕರರ ಹೆಸರಿಗೆ, ಪೋರ್ಟಲ್‌ನಲ್ಲಿ ಹೇಗಿದೆಯೋ ಹಾಗೇ. ಗಂಡನ ಕಂಪನಿಯಲ್ಲಿ ಕೇಳುವವರಿಗೆ ಇಲ್ಲೇ ಎಡವಟ್ಟು: ಅಲೊವೆನ್ಸ್ "ನೌಕರರಿಗೆ ಮಾತ್ರ" ಅಂತಿದ್ದರೆ ಹೆಂಡತಿ ಪಡೆದ ಸೇವೆಗೆ ಸಿಗೋದಿಲ್ಲ. ಸೇವೆಗಳಿಂದ ವರ್ಷಕ್ಕೆ 20 ಲಕ್ಷದೊಳಗೆ ವಹಿವಾಟು ಇರುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಒಬ್ಬರೇ ಕೆಲಸ ಮಾಡುವ ಡೂಲಾಗಳ ಬಿಲ್‌ನಲ್ಲಿ ಆ ನಂಬರ್ ಇಲ್ಲದಿರೋದು ಸಹಜ. "ನೋಂದಣಿ ಮಿತಿಯೊಳಗಿದ್ದೇನೆ" ಅಂತ ಒಂದು ಸಾಲು ಬಿಲ್ ಕೆಳಗೆ ಬರೆಸಿ. ಹಣ ಯುಪಿಐ ಅಥವಾ ಬ್ಯಾಂಕ್ ಮೂಲಕ ಕೊಡಿ. ನಗದು ಕೊಟ್ಟರೆ, 5,000 ದಾಟಿದ ರಸೀದಿಗೆ 1 ರೂಪಾಯಿ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ ಇರಬೇಕು.

ಹಣಕ್ಕಿಂತ ನಿಮಗೆ ದೊಡ್ಡ ಪ್ರಶ್ನೆ 70 ಕಿಲೋಮೀಟರ್. ಡೂಲಾ ಬೆಂಗಳೂರಿನಿಂದ ಬರಬೇಕು. ನೆಲಮಂಗಲದವರೆಗಿನ ಟ್ರಾಫಿಕ್ ಸೇರಿಸಿದರೆ ಎರಡು ಗಂಟೆ ಹಿಡಿಯಿರಿ. ಚೊಚ್ಚಲದಲ್ಲಿ ನೋವು ನಿಧಾನಕ್ಕೆ ಏರುತ್ತೆ, ಸಮಯ ಸಿಗುತ್ತೆ ನಿಜ, ಆದರೆ ನೀರು ಒಡೆದು ನೇರ ಆಸ್ಪತ್ರೆಗೆ ಹೋಗಬೇಕಾದರೆ? ಅದಕ್ಕೆ ಒಪ್ಪಂದದಲ್ಲಿ ಇವು ಇರಲಿ: 38ನೇ ವಾರದಿಂದ, ನಿಮ್ಮ ಲೆಕ್ಕದಲ್ಲಿ ಏಪ್ರಿಲ್ 4ರಿಂದ, ಹೆರಿಗೆಯಾಗುವ ತನಕ ಫೋನ್‌ಗೆ ಸಿಗಬೇಕು. ಅವರಿಗೆ ಅಡಚಣೆಯಾದರೆ ಬದಲಿಗೆ ಬರುವವರ ಹೆಸರು ಮೊದಲೇ ಗೊತ್ತಿರಬೇಕು, ಒಮ್ಮೆ ಭೇಟಿಯೂ ಆಗಿರಬೇಕು. ಓಡಾಟದ ಖರ್ಚು 30,000ದೊಳಗೋ ಹೊರಗೋ ಸ್ಪಷ್ಟವಿರಬೇಕು. ದಿಢೀರ್ ಸಿಸೇರಿಯನ್ ಆದರೆ 16,000ದಲ್ಲಿ ಎಷ್ಟು ವಾಪಸ್, ಆಸ್ಪತ್ರೆ ಒಳಗೆ ಬಿಡದಿದ್ದರೆ ಎಷ್ಟು ವಾಪಸ್, ಎರಡನ್ನೂ ಅಂಕಿಯಲ್ಲೇ ಬರೆಸಿ. ಸಿಸೇರಿಯನ್ ಆದರೆ ಆ ಹಣವನ್ನು ಹೆಚ್ಚುವರಿ ಬಾಣಂತಿ ಭೇಟಿಗೆ ಹೊಂದಿಸಿಕೊಳ್ಳೋದು ಒಳ್ಳೆಯದು, ಹೊಲಿಗೆ ನೋವಿನಲ್ಲಿ ಮಗುವನ್ನು ಎದೆಗೆ ಹಿಡಿಯಲು ಸಹಾಯ ಬೇಕಾಗೋದೇ ಆಗ.

ಡೂಲಾ ಏನು ಮಾಡೋದಿಲ್ಲ ಅನ್ನೋದನ್ನೂ ಮನೆಯವರಿಗೆ ಹೇಳಿಡಿ. ಒಳ ಪರೀಕ್ಷೆ ಇಲ್ಲ, ಬಿಪಿ ನೋಡೋದಿಲ್ಲ, ಮಗುವಿನ ಎದೆಬಡಿತ ಕೇಳೋದಿಲ್ಲ, ಮಾತ್ರೆ ಕೊಡೋದಿಲ್ಲ, ಡಾಕ್ಟರ್ ಮಾತಿಗೆ ಅಡ್ಡ ಬರೋದಿಲ್ಲ. ಸೊಂಟ ಒತ್ತೋದು, ಭಂಗಿ ಬದಲಿಸೋದು, ಉಸಿರಾಟ ಹೇಳಿಕೊಡೋದು, ನೀರು ಕುಡಿಸೋದು, ಬಿಟ್ಟು ಹೋಗದೆ ಇರೋದು ಅವರ ಕೆಲಸ. "ಮನೆಯಲ್ಲೇ ಹೆರಿಗೆ ಮಾಡಿಸ್ತೀನಿ" ಅನ್ನುವ ಡೂಲಾ ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಲೇಬರ್_ವಾರ್ಡ್:

ಆಸ್ಪತ್ರೆ ಅನುಮತಿ 36ನೇ ವಾರದೊಳಗೆ, ಅಂದರೆ ಮಾರ್ಚ್ 21ಕ್ಕೆ ಮುಂಚೆ ಆಗಿರಲಿ. ಡಾಕ್ಟರ್ "ಆಯ್ತು ಬರಲಿ" ಅಂದಿದ್ದು ರಾತ್ರಿ ಪಾಳಿಯ ನರ್ಸಿಗೆ ಗೊತ್ತಿರೋದಿಲ್ಲ. ಒಂದು ಹಾಳೆಯಲ್ಲಿ ನಿಮ್ಮ ಹೆಸರು, ಡೂಲಾ ಹೆಸರು ಬರೆದು ಡಾಕ್ಟರ್ ಸಹಿ ಹಾಕಿಸಿ ತಾಯಿ ಕಾರ್ಡ್ ಜೊತೆಗೇ ಇಡಿ. ಒಬ್ಬರನ್ನೇ ಬಿಡುವ ನಿಯಮವಿದ್ದರೆ ಡೂಲಾನೋ ಅಮ್ಮನೋ ಗಂಡನೋ ಅಂತ ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ. ಲೇಬರ್ ರೂಮಿನ ಬಾಗಿಲಲ್ಲಿ ಆ ಮಾತು ಶುರುವಾದರೆ ಬಸುರಿಗೇ ಹಿಂಸೆ. ಆಪರೇಷನ್ ಥಿಯೇಟರ್ ಒಳಗೆ ಬಿಡುತ್ತಾರೆಂದು ನಂಬಿ ಕೂರಬೇಡಿ.

ಸರ್ಕಾರಿ ಆಸ್ಪತ್ರೆಗೆ ಹೋಗುವವರಿಗೂ ಇದು ತಿಳಿದಿರಲಿ. ಹೆರಿಗೆ ಸಂಗಾತಿಗೆ ಅವಕಾಶ ಕೊಡಬೇಕೆಂದು ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಆದರೆ ಅಲ್ಲಿ ಉದ್ದೇಶಿಸಿರೋದು ಹೆಣ್ಣು ಸಂಬಂಧಿ, ಸಾಧ್ಯವಾದರೆ ತಾನೂ ಹೆತ್ತವಳು. ಮರೆ ಇರುವ ಕಡೆ ಗಂಡನೂ ಇರಬಹುದು. ದುಡ್ಡು ಕೊಟ್ಟು ಕರೆತಂದ ಡೂಲಾಗೆ ಅದು ಹಕ್ಕಾಗೋದಿಲ್ಲ. ಅಂಥ ಕಡೆ ಡೂಲಾ ಹತ್ತಿರ ಎರಡು ಭೇಟಿಯಲ್ಲಿ ಅಮ್ಮನಿಗೋ ಅತ್ತಿಗೆಗೋ ತರಬೇತಿ ಕೊಡಿಸಿ, ಅವರೇ ಒಳಗೆ ಇರಲಿ. ಖರ್ಚೂ ಇಳಿಯುತ್ತೆ.

ಇದು ಪಟ್ಟಣದ ಹೊಸ ಷೋಕಿ ಅನ್ನುವವರಿಗೆ: 2017ರ ಕಾಕ್ರೇನ್ ವಿಮರ್ಶೆ (ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) 26 ಅಧ್ಯಯನಗಳ 15,858 ಹೆಂಗಸರ ಮಾಹಿತಿ ನೋಡಿದೆ. ಎಡೆಬಿಡದೆ ಜೊತೆಗೆ ಯಾರಾದರೂ ಇದ್ದವರಲ್ಲಿ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಅವಧಿಯೂ ಸ್ವಲ್ಪ ಕಡಿಮೆ ಅಂತ ಕಂಡಿದೆ. ನಮ್ಮ ಪಾವಗಡದ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಕಾಸು ಪಡೆಯದೆ ಸಾವಿರಾರು ಹೆರಿಗೆ ಮಾಡಿಸಿದ ತಾಯಿ ಅವರು. ಸೂಲಗಿತ್ತಿ ಹೆರಿಗೆಯನ್ನೇ ಮಾಡಿಸುತ್ತಿದ್ದಳು, ಡೂಲಾ ಮಾಡಿಸೋದಿಲ್ಲ. ಆದರೆ ನೋವಿನ ಹೊತ್ತಲ್ಲಿ ತಲೆ ಸವರುತ್ತಾ ಪಕ್ಕದಲ್ಲೇ ಒಬ್ಬಳು ಕೂತಿರೋದು ಈ ಜಿಲ್ಲೆಗೆ ಹೊಸದಲ್ಲ.

ವಸಂತನರಸಾಪುರ_ಶಿಫ್ಟ್:

ಇಲ್ಲಿ ಕಾರ್ಖಾನೆಯವರೂ ಓದ್ತಿರ್ತಾರೆ. ತಿಂಗಳ ಸಂಬಳ 21,000ದೊಳಗಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಇದ್ದವರಿಗೆ ವೆಲ್‌ನೆಸ್ ಅಲೊವೆನ್ಸ್ ಇರೋದಿಲ್ಲ. ಅವರಿಗೆ ಏನು ದಾರಿ?

ಬೆನಿಫಿಟ್ಸ್_ಡೆಸ್ಕ್:

ಇಎಸ್‌ಐನಲ್ಲಿ ಡೂಲಾ ಅನ್ನುವ ಬಾಬು ಇಲ್ಲ. ಆದರೆ ನಗದಾಗಿ ಬರೋದನ್ನು ನೀವು ಯಾವುದಕ್ಕಾದರೂ ಖರ್ಚು ಮಾಡಬಹುದು. ಮೊದಲ ಎರಡು ಹೆರಿಗೆಗೆ 26 ವಾರ ಪೂರ್ತಿ ದಿನಗೂಲಿ ಇಎಸ್‌ಐ ನಿಗಮವೇ ನೇರ ಬ್ಯಾಂಕಿಗೆ ಹಾಕುತ್ತೆ. ಹೆರಿಗೆಗೆ ಮುಂಚೆ 8 ವಾರದವರೆಗೆ ತಗೋಬಹುದು. ಷರತ್ತು 70 ದಿನದ ವಂತಿಗೆ. ಜನ ಎಡವೋದು ಇಲ್ಲಿ: ಏಪ್ರಿಲ್‌ನಲ್ಲಿ ಹೆರಿಗೆಯಾದರೆ ಲೆಕ್ಕಕ್ಕೆ ಬರೋದು ಹಿಂದಿನ ಏಪ್ರಿಲ್‌ನಿಂದ ಸೆಪ್ಟೆಂಬರ್ ಮತ್ತು ಅದಕ್ಕೂ ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್. ಕಳೆದ ನವೆಂಬರ್‌ನಲ್ಲಿ ಮೊದಲ ಸಲ ಕೆಲಸಕ್ಕೆ ಸೇರಿದವರಿಗೆ ಈ ಏಪ್ರಿಲ್ ಹೆರಿಗೆಗೆ ಅದು ಸಿಗೋದಿಲ್ಲ.

ಇನ್ನೊಂದು, ಇಎಸ್‌ಐ ಹೆರಿಗೆ ಸೌಲಭ್ಯ ಇಲ್ಲದ ಜಾಗದಲ್ಲಿ ಹೆರಿಗೆಯಾದರೆ 7,500 ರೂಪಾಯಿ ಹೆರಿಗೆ ವೆಚ್ಚ, ಎರಡು ಹೆರಿಗೆಗೆ ಮಾತ್ರ. ಇದು ಗಂಡ ಇಎಸ್‌ಐನಲ್ಲಿದ್ದು ಹೆಂಡತಿಗೆ ಹೆರಿಗೆಯಾದರೂ ಉಂಟು. ಶಿರಾ, ಪಾವಗಡ ಕಡೆಯ ತವರಿಗೆ ಹೋಗುವವರು ಹೋಗುವ ಮುಂಚೆಯೇ ನಿಮ್ಮ ಡಿಸ್ಪೆನ್ಸರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಈ 7,500ರಲ್ಲಿ ಹೆರಿಗೆಗೆ ಮುಂಚಿನ ಎರಡು ಮೂರು ಭೇಟಿ ಮಾಡಿಸಿಕೊಳ್ಳಬಹುದು. ಬರೋದು ಹೆರಿಗೆಯಾದ ಮೇಲೆ, ಹಾಗಾಗಿ ಮೊದಲು ಕೈಯಿಂದ ಹಾಕಬೇಕು.

ಇಎಸ್‌ಐ ಇಲ್ಲದವರಿಗೆ, ಪ್ರಶ್ನೆ ಕೇಳಿದವರಿಗೂ ಸೇರಿ: ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ 26 ವಾರ ಸಂಬಳಸಹಿತ ರಜೆ. ಕಂಪನಿ ಹೆರಿಗೆ ಮುಂಚಿನ ಮತ್ತು ನಂತರದ ಆರೈಕೆಯನ್ನು ಉಚಿತವಾಗಿ ಕೊಡದಿದ್ದರೆ 3,500 ರೂಪಾಯಿ ಮೆಡಿಕಲ್ ಬೋನಸ್ ಕೂಡ. ಇದನ್ನು ಕೇಳದವರೇ ಜಾಸ್ತಿ. ಬಿಲ್ ತೋರಿಸಬೇಕಿಲ್ಲ. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದರೂ ಈ ಅಂಕಿಗಳು ಹಾಗೇ ಇವೆ.

ಕ್ಯಾತ್ಸಂದ್ರ_ತವರುಮನೆ:

ಎಚ್‌ಆರ್ ಉತ್ತರ ಬಂತು: ಒಳಪಡುತ್ತದೆ, ಆದರೆ ಡಾಕ್ಟರ್ ಚೀಟಿ ಬೇಕು. ಆಸ್ಪತ್ರೆ ರೂಮ್ 4,000ದ್ದು ಬುಕ್ ಮಾಡೋಣ ಅಂತಿದ್ದೀವಿ, ಪಾಲಿಸಿಯಲ್ಲಿ ದಿನಕ್ಕೆ 3,000 ಅಂತಿದೆ. ವ್ಯತ್ಯಾಸ ಸಾವಿರ ತಾನೇ?

ಬೆನಿಫಿಟ್ಸ್_ಡೆಸ್ಕ್:

ಅಲ್ಲ, ದಯವಿಟ್ಟು ಬೇಡ. ಮಿತಿ ದಾಟಿದ ರೂಮ್ ತಗೊಂಡರೆ ಡಾಕ್ಟರ್ ಫೀಸು, ಲೇಬರ್ ರೂಮ್, ನರ್ಸಿಂಗ್ ಎಲ್ಲವನ್ನೂ ಅದೇ ಪ್ರಮಾಣದಲ್ಲಿ, ನಿಮ್ಮ ಲೆಕ್ಕದಲ್ಲಿ ನಾಲ್ಕರಲ್ಲಿ ಮೂರು ಪಾಲಿಗೆ ಇಳಿಸ್ತಾರೆ. ಆ ಬಾಬುಗಳು 40,000 ಆದರೆ 10,000 ನಿಮ್ಮ ತಲೆಗೆ. ಡೂಲಾಗೆ ನೀವು ಕೈಯಿಂದ ಹಾಕುವ ದುಡ್ಡು ಹೆಚ್ಚುಕಡಿಮೆ ಅಷ್ಟೇ. 3,000ದ ರೂಮ್ ಹಿಡಿಯಿರಿ.

ಆಸ್ಪತ್ರೆ ನಿಮ್ಮ ಟಿಪಿಎ (ಇನ್ಶೂರೆನ್ಸ್ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಪಟ್ಟಿಯಲ್ಲಿ ಇಲ್ಲದಿದ್ದರೂ 2024ರ ಜನವರಿಯಿಂದ ಎಲ್ಲೆಡೆ ಕ್ಯಾಶ್‌ಲೆಸ್ ವ್ಯವಸ್ಥೆ ಇದೆ: ಮೊದಲೇ ನಿಗದಿಯಾದ ದಾಖಲಾತಿಗೆ 48 ಗಂಟೆ ಮುಂಚೆ, ತುರ್ತಾದರೆ ದಾಖಲಾದ 48 ಗಂಟೆಯೊಳಗೆ ತಿಳಿಸಬೇಕು. ಆಸ್ಪತ್ರೆಯೂ ಒಪ್ಪಬೇಕು.

ಡಾಕ್ಟರ್ ಚೀಟಿಯಲ್ಲಿ "ಹೆರಿಗೆ ವೇಳೆ ನಿರಂತರ ಬೆಂಬಲಕ್ಕೆ ಡೂಲಾ ಸೇವೆ ಪಡೆಯಲು ಸಲಹೆ ನೀಡಿದೆ" ಅಂತ ಒಂದು ಸಾಲು, ದಿನಾಂಕ, ನೋಂದಣಿ ಸಂಖ್ಯೆಯ ಸೀಲು ಸಾಕು. ಚೀಟಿಯ ತಾರೀಖು ಮೊದಲ ಭೇಟಿಯ ತಾರೀಖಿಗಿಂತ ಹಿಂದಿನದಾಗಿರಲಿ. ಹಾಗಾಗಿ ಮುಂದಿನ ಚೆಕಪ್‌ಗೆ ಹೋದಾಗಲೇ ಬರೆಸಿಕೊಳ್ಳಿ, ಡೂಲಾ ಭೇಟಿ ಅದಾದ ಮೇಲೆ ಶುರು ಮಾಡಿ.