ಬಿಪಿ ಇದ್ದವರಿಗೆ ಯಾವ ಉಪ್ಪು?

ಪ್ರಶ್ನೆ: ಮೇಡಂ, ಅಪ್ಪನಿಗೆ 62 ವರ್ಷ. ಬಿಪಿ 150/90ರ ಆಸುಪಾಸು, ಟೆಲ್ಮಿಸಾರ್ಟಾನ್ 40 ತಗೊಳ್ತಾರೆ. ಪಿಂಕ್ ಸಾಲ್ಟ್ ಬಳಸಿದರೆ ಇಳಿಯುತ್ತಾ? ಲೋ ಸೋಡಿಯಂ ಉಪ್ಪು ಕೊಡಬಹುದಾ?

ಆಹಾರ ತಜ್ಞೆ: ಪಿಂಕ್ ಸಾಲ್ಟಿನಿಂದ ಇಳಿಯಲ್ಲ. ಸೈಂಧವ ಲವಣ, ಕಲ್ಲುಪ್ಪು, ಪುಡಿ ಉಪ್ಪು ಯಾವುದೇ ಇರಲಿ, ಬಹುಪಾಲು ಸೋಡಿಯಂ ಕ್ಲೋರೈಡೇ. ಬಣ್ಣ ಕೊಡುವ ಖನಿಜ ಲೆಕ್ಕಕ್ಕೆ ಬಾರದಷ್ಟು. ಸಾಲದ್ದಕ್ಕೆ ಪಿಂಕ್ ಸಾಲ್ಟಿಗೆ ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ.

ಲೋ ಸೋಡಿಯಂ ಉಪ್ಪಿನ ಕತೆ ಬೇರೆ. ಅದರಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ಶೇ. 75 ಸೋಡಿಯಂ ಕ್ಲೋರೈಡ್, ಶೇ. 25 ಪೊಟ್ಯಾಸಿಯಂ ಕ್ಲೋರೈಡ್ ಇರುವ ಇಂಥ ಉಪ್ಪು ಕೊಟ್ಟು ನೋಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು; ಪಾರ್ಶ್ವವಾಯು ಸುಮಾರು ಶೇ. 14ರಷ್ಟು ಕಡಿಮೆಯಾಗಿತ್ತು. ಆದರೆ ನಿಮ್ಮ ತಂದೆಯ ಮಾತ್ರೆ ಪೊಟ್ಯಾಸಿಯಂ ಹೊರಹೋಗುವುದನ್ನು ತಗ್ಗಿಸುತ್ತದೆ. ಮೊದಲು ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವುದು), ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ, ಆಮೇಲೆ ಪ್ಯಾಕೆಟ್ ತನ್ನಿ.

ಕಿಡ್ನಿ ತಜ್ಞ: ಒಂದು ಮಾತು ಸೇರಿಸ್ತೀನಿ. ರಾಮಿಪ್ರಿಲ್, ಲೊಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆಗಳೂ ಪೊಟ್ಯಾಸಿಯಂ ಹೊರಹೋಗುವುದನ್ನು ತಗ್ಗಿಸುತ್ತವೆ, ಅವನ್ನು ತಗೊಳ್ಳುವವರಿಗೂ ಇದೇ ಎಚ್ಚರಿಕೆ. ಕಿಡ್ನಿ ಸೋತಿದ್ದರೆ ಈ ಉಪ್ಪು ಬೇಡವೇ ಬೇಡ. ಪೊಟ್ಯಾಸಿಯಂ ಏರಿದಾಗ ಎಷ್ಟೋ ಸಲ ಯಾವ ಲಕ್ಷಣವೂ ಕಾಣದೆ ನೇರವಾಗಿ ಹೃದಯದ ಬಡಿತವೇ ತಪ್ಪಬಹುದು.

ಇನ್ನೊಬ್ಬರು: ಅಡುಗೆಗೆ ಉಪ್ಪು ಕಡಿಮೆನೇ ಹಾಕೋದು. ಆದರೂ ಬಿಪಿ ಇಳಿದಿಲ್ಲವಲ್ಲ?

ಆಹಾರ ತಜ್ಞೆ: ಕಡಿಮೆ ಅಂದರೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಲ್ಲ ಸೇರಿ ಒಂದು ಸಣ್ಣ ಟೀ ಚಮಚದಷ್ಟು. ಪ್ಯಾಕೆಟ್ ಒಡೆದ ತಾರೀಖು ಅದರ ಮೇಲೇ ಬರೆದಿಡಿ. ನಾಲ್ಕು ಜನರ ಮನೆಯಲ್ಲಿ 1 ಕೆಜಿ ಉಪ್ಪು 50 ದಿನ ಬರಬೇಕು. 25 ದಿನಕ್ಕೇ ಖಾಲಿಯಾದರೆ ತಲೆಗೆ 10 ಗ್ರಾಂ ಆಯಿತು. ಚಮಚದ ಅಳತೆ ನಂಬಬೇಡಿ. ಹರಳುಪ್ಪಿಗಿಂತ ಪುಡಿ ಉಪ್ಪು ಒಂದು ಚಮಚಕ್ಕೆ ಹೆಚ್ಚು ತೂಗುತ್ತದೆ.

ಆಚೆಯಿಂದ ತರುವ ಬ್ರೆಡ್, ಚೀಸ್, ಸಾಸ್, ಸೂಪ್ ಪುಡಿ, ಉಪ್ಪಿನಕಾಯಿ ಈ ಲೆಕ್ಕಕ್ಕೆ ಸಿಗುವುದೇ ಇಲ್ಲ. ಲೇಬಲ್ಲಿನಲ್ಲಿರುವ ಸೋಡಿಯಂ ಅನ್ನು 2.5ರಿಂದ ಗುಣಿಸಿ: 800 ಮಿ.ಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ಒಂದು ಟೀ ಚಮಚ ಅಡುಗೆ ಸೋಡಾದಲ್ಲೇ ಸುಮಾರು 1,200 ಮಿ.ಗ್ರಾಂ ಸೋಡಿಯಂ ಇದೆ, ನಾಲಿಗೆಗೆ ಮಾತ್ರ ಅಷ್ಟು ಉಪ್ಪು ಅನ್ನಿಸಲ್ಲ. ನೀರಿಗೆ ಹಾಕಿದರೆ ಬುರುಬುರು ನೊರೆಯುವ ಮಾತ್ರೆಗಳಲ್ಲೂ ಇರುತ್ತದೆ.

ಮೊದಲು ಕೇಳಿದವರು: ಸಪ್ಪೆ ಅಂತ ಅಪ್ಪ ಊಟಾನೇ ಬಿಡ್ತಾರೆ ಮೇಡಂ.

ಆಹಾರ ತಜ್ಞೆ: ಒಮ್ಮೆಲೇ ಅರ್ಧ ಮಾಡಿದರೆ ಹಾಗೇ ಆಗೋದು. ವಾರಕ್ಕಿಷ್ಟು ಅಂತ ಸ್ವಲ್ಪ ಸ್ವಲ್ಪವೇ ಇಳಿಸಿ. ನಾಲಿಗೆ ಒಗ್ಗಲು ಕೆಲವು ವಾರ ಬೇಕು. ಒಲೆ ಆರಿಸುವ ಹೊತ್ತಿಗೆ ಉಪ್ಪು ಹಾಕಿ, ಕಡಿಮೆಯಲ್ಲೇ ರುಚಿ ಹತ್ತುತ್ತದೆ. ನಿಂಬೆರಸ, ಕಾಳುಮೆಣಸು, ಬೆಳ್ಳುಳ್ಳಿ ಧಾರಾಳವಾಗಿ ಬಳಸಿ. ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಕೈಗೆಟುಕದಿರಲಿ. ಬಿಪಿ ಇಳಿಯಿತೆಂದು ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ.