ಮಿಗ್-21ಕ್ಕೆ ಎಷ್ಟು ಕೊಳೆ ಹಚ್ಚಬೇಕು? ಮಾಡಿದವರು ಅನುಭವ ಹೇಳಿ

ಬಳ್ಳಾರಿಮಿಗ್:
ಎಲ್ಲರಿಗೂ ನಮಸ್ಕಾರ. ಮೊದಲ ಸಲ ಜೆಟ್ ವಿಮಾನದ ಪ್ಲಾಸ್ಟಿಕ್ ಮಾದರಿ ಮಾಡುತ್ತಿದ್ದೇನೆ. 1/72, ಅಂದರೆ ನಿಜದ ವಿಮಾನದ 72ನೇ ಒಂದರಷ್ಟು ಅಳತೆ. ಮಿಗ್-21ರ ಬೈಸನ್ ಅನ್ನುವ ಬಗೆ. ಅಂಟಿಸುವುದು ಮುಗಿದಿದೆ, ಪ್ರೈಮರ್ ಕೂಡ ಹೊಡೆದಿದ್ದೇನೆ. ಅಪ್ಪ ವಾಯುಪಡೆಯಲ್ಲಿ ಗ್ರೌಂಡ್ ಕ್ರೂ ಆಗಿದ್ದವರು. ರಾಜಸ್ಥಾನದ ಉತ್ತರಲಾಯಿಯಲ್ಲಿ ಇದೇ ವಿಮಾನಗಳ ಮೇಲೆ ಕೆಲಸ ಮಾಡಿದ್ದರು. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ಬೀಳ್ಕೊಡುಗೆ ಆದಾಗ ಟಿವಿ ಮುಂದಿನಿಂದ ಏಳಲೇ ಇಲ್ಲ. ಅವರ 65ನೇ ಹುಟ್ಟುಹಬ್ಬಕ್ಕೆ ಕೊಡಬೇಕು, ಆರು ವಾರ ಇದೆ. ಅಕ್ರಿಲಿಕ್ ಬಣ್ಣ ಸಾಕಾ, ಖಾರ ಥಿನ್ನರ್‌ನ ಲ್ಯಾಕರ್ ಬಣ್ಣ ಬೇಕಾ? ವೆದರಿಂಗ್, ಅಂದರೆ ಬಳಸಿ ಕೊಳೆಯಾದ ಹಾಗೆ ಕಾಣಿಸುವ ಕೆಲಸ, ಎಷ್ಟು ಮಾಡಲಿ?

ಕರಾವಳಿಕಿಟ್:
ಲ್ಯಾಕರ್ ಹೆಸರು ಎತ್ತಿದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಮಂಗಳೂರಿನವನು. ಹೋದ ಜುಲೈನಲ್ಲಿ 1/48 ಜಾಗ್ವಾರ್ ವಿಮಾನಕ್ಕೆ ಲ್ಯಾಕರ್ ಗ್ಲಾಸ್, ಅಂದರೆ ಹೊಳಪಿನ ಕೋಟ್, ಹೊಡೆದೆ. ಹೊರಗೆ ಜಡಿಮಳೆ. ಹತ್ತೇ ನಿಮಿಷ, ರೆಕ್ಕೆ ಮೇಲೆಲ್ಲ ಹಾಲು ಚೆಲ್ಲಿದ ಹಾಗೆ ಬಿಳಿ. ಥಿನ್ನರ್ ಬೇಗ ಆರುವಾಗ ಬಣ್ಣ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂತುಬಿಡುತ್ತದೆ. ಇದು ನನಗೆ ಗೊತ್ತಾಗಿದ್ದು ಆಮೇಲೆ. ಗಾಬರಿಯಲ್ಲಿ ಥಿನ್ನರ್ ಬಟ್ಟೆಯಿಂದ ಒರೆಸಿದೆ. ಕೆಳಗಿನ ಕ್ಯಾಮೊಫ್ಲಾಜ್ ಕೂಡ ಕಿತ್ತುಕೊಂಡು ಬಂತು.

ಲೆಕ್ಕ ಹೇಳುತ್ತೇನೆ. ಕಿಟ್ 4,200. ಡಿಕಾಲ್, ಅಂದರೆ ವಿಮಾನದ ಗುರುತುಗಳ ಸ್ಟಿಕ್ಕರ್, 1,350. ಕೊರಿಯರ್‌ನವರು ಬಾಗಿಲಲ್ಲಿ ನಿಂತು ಕೇಳಿದ ಸುಂಕ 1,180. ಬಣ್ಣ ಸಿಂಪಡಿಸುವ ಏರ್‌ಬ್ರಷ್ 2,600, ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್ 3,900. ಟ್ಯಾಂಕ್ ಇಲ್ಲದ ಕಂಪ್ರೆಸರ್ ತಗೊಂಡಿದ್ದು ನನ್ನ ದೊಡ್ಡ ತಪ್ಪು. ಅರ್ಧ ಗಂಟೆಗೆ ಬಿಸಿಯಾಗಿ ಪೈಪಿನಲ್ಲಿ ನೀರು ಕಟ್ಟುತ್ತಿತ್ತು. ಬಣ್ಣದ ಜೊತೆ ನೀರಿನ ಹನಿಯೂ ರೆಕ್ಕೆ ಮೇಲೆ ಬಿತ್ತು. ನೀರು ಹಿಡಿಯುವ 450 ರೂಪಾಯಿಯ ಮಾಯಿಶ್ಚರ್ ಟ್ರ್ಯಾಪ್ ಮೊದಲೇ ಹಾಕಿದ್ದರೆ ಅದಾದರೂ ತಪ್ಪುತ್ತಿತ್ತು. ಈಗ ನಿಧಾನ ಆರುವ ಲೆವೆಲಿಂಗ್ ಥಿನ್ನರ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಬರೀ ಅಂಟಿಸುವ ಕೆಲಸ. ಆ ಜಾಗ್ವಾರ್ ಅಟ್ಟದಲ್ಲಿದೆ. ಎಸೆಯಲು ಮನಸ್ಸು ಬರಲಿಲ್ಲ.

ಬ್ರಷ್‌ಕೈ:
ಇಷ್ಟೆಲ್ಲ ಖರ್ಚಿನ ಪಟ್ಟಿ ಕೊಟ್ಟು ಹೊಸಬರನ್ನು ಯಾಕ್ರೀ ಹೆದರಿಸುತ್ತೀರಿ? ನಾನು ಧಾರವಾಡದವಳು, ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ನನ್ನ ಮನೆಯಲ್ಲಿ ಕಂಪ್ರೆಸರ್ ಇಲ್ಲ, ಮುಂದೆಯೂ ಬರುವುದಿಲ್ಲ. ರೆಸಿನ್ ಮಾರುತ್ ಪೂರ್ತಿ ಬ್ರಷ್‌ನಲ್ಲೇ ಮುಗಿಸಿದೆ. ವಲೆಹೋ ಕಂಪನಿಯ ಅಕ್ರಿಲಿಕ್ ಬಣ್ಣ, ಹಾಲಿನಷ್ಟು ತೆಳು, ನಾಲ್ಕು ಕೋಟ್. ಮೊದಲ ಕೋಟ್ ನೋಡಿದರೆ ಅಳು ಬರುತ್ತದೆ. ಮುಟ್ಟಬಾರದು. ಒಂದು ಕೋಟ್ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ನಡುವೆ ಒಂದು ರಾತ್ರಿ. ಮೂರನೆಯದಕ್ಕೆ ಗೆರೆ ಮಾಯ.

ಮಾರುತ್ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಹುಟ್ಟಿದ ವಿಮಾನ. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ವಿನ್ಯಾಸ. 1961ರ ಜೂನ್ 17ರಂದು ಮೊದಲು ಹಾರಿದ್ದು. ಅದನ್ನು ಮಾಡಲೇಬೇಕು ಅಂತ ಎರಡು ವರ್ಷ ಕಿಟ್ ಹುಡುಕಿದೆ. ಬಂದಾಗ ಒಂದು ರೆಕ್ಕೆ ಬಾಳೆ ಎಲೆಯಂತೆ ಬಾಗಿತ್ತು. ಬಿಸಿನೀರಿನಲ್ಲಿ ಅದ್ದಿ ಗಾಜಿನ ಮೇಲಿಟ್ಟು ನೇರ ಮಾಡಿದೆ. ಈ ಕೆಲಸಕ್ಕೆ ಯಾವ ಮೆಷೀನೂ ಇಲ್ಲ.

ಇನ್ನೊಂದು ಮಾತು. 1971ರ ಯುದ್ಧದ ಹೊತ್ತಿಗೆ ಬೆಳ್ಳಿ ಬಣ್ಣದ ಮಿಗ್‌ಗಳಿಗೆ ತರಾತುರಿಯಲ್ಲಿ ಹಸಿರು ಬಳಿದರು. ಆ ಫೋಟೋಗಳಲ್ಲಿ ಬಣ್ಣ ಎಲ್ಲೂ ಒಂದೇ ಸಮ ಇಲ್ಲ. ನಿಜದ ವಿಮಾನವೇ ಹಾಗಿರುವಾಗ ನಮ್ಮ ಬ್ರಷ್ ಗೆರೆಗೆ ನಾಚಿಕೆ ಯಾಕೆ?

ಲೋಹಹೊಳಪು:
ಮೇಡಂ, ಗೌರವದಿಂದಲೇ ಹೇಳುತ್ತೇನೆ. ಹಸಿರಿನಲ್ಲಿ ಬ್ರಷ್ ಗೆರೆ ಮುಚ್ಚಿಹೋಗುತ್ತದೆ. ಬರಿ ಲೋಹದ ಮಿಗ್ ಮಾಡಿ ನೋಡಿ. ನಾನು ಮಾಡಿದ್ದು ಎಫ್‌ಎಲ್, ಮಿಗ್-21ರ ಹಳೆಯ ಬಗೆ, ಹಸಿರು ಬಳಿಯುವ ಮೊದಲಿನದು. ಹೊಳಪಿನ ಕಪ್ಪು ಹೊಡೆದು ಅದರ ಮೇಲೆ ಆಲ್‌ಕ್ಲಾಡ್ ಅನ್ನುವ ಲೋಹದ ಬಣ್ಣ. ಕಪ್ಪಿನಲ್ಲಿ ಒಂದು ಕೂದಲು ಬಿದ್ದಿದ್ದರೂ ಲೋಹದಲ್ಲಿ ಹಗ್ಗದಷ್ಟು ಕಾಣುತ್ತದೆ. ಮೂರು ಸಲ ಪೂರ್ತಿ ತೆಗೆದೆ. 2000 ನಂಬರ್ ವಾಟರ್ ಪೇಪರ್ ಹನ್ನೆರಡು ಹಾಳೆ ಖಾಲಿ. ಮೂರನೇ ಸಲ ಉಜ್ಜುವಾಗ ಬೆನ್ನಿನ ಪ್ಯಾನೆಲ್ ಲೈನ್‌ಗಳೇ, ಅಂದರೆ ತಗಡುಗಳ ನಡುವಿನ ಗೆರೆಗಳೇ, ಅಳಿಸಿಹೋದವು. ಅವನ್ನು ಸೂಜಿಯಿಂದ ಮತ್ತೆ ಕೊರೆಯಲು ಹದಿನೇಳು ದಿನ. ಹೆಂಡತಿ ಮಾತು ಬಿಟ್ಟಿದ್ದಳು.

ನಾಲ್ಕನೇ ಸಲ ಬಂತು ನೋಡಿ. ಒಂದೊಂದು ಪ್ಯಾನೆಲ್‌ಗೂ ಒಂದೊಂದು ಛಾಯೆ. ಬಾಲದ ಕಡೆ ಎಂಜಿನ್ ಬಿಸಿಗೆ ಕಂದಿದ ಲೋಹ. ಮೂಗಿನ ಕೋನ್ ಮತ್ತು ಬಾಲದ ತುದಿ ಕಡು ಹಸಿರು. ಚಕ್ರದ ನಡುಭಾಗವೂ ಹಸಿರು, ಅದನ್ನು ಎಷ್ಟೋ ಜನ ಬೆಳ್ಳಿ ಮಾಡಿಬಿಡುತ್ತಾರೆ. ಎಕ್ಸಾಸ್ಟ್ ಅನ್ನು ಸುಮ್ನೆ ಕಪ್ಪು ಮಾಡಬೇಡಿ. ಸುಟ್ಟ ಉಕ್ಕು ಕಂದು, ಅಂಚಿನಲ್ಲಿ ಸ್ವಲ್ಪ ನೀಲಿ. ಕೊಳೆ ಒಂದು ತೊಟ್ಟೂ ಹಾಕಲಿಲ್ಲ. ಬೇಕಾಗಲೂ ಇಲ್ಲ.

ಬ್ರಷ್‌ಕೈ:
ನಿಮ್ಮ ಹದಿನೇಳು ದಿನ ನಿಮಗಿರಲಿ. ಅವರು ಕೇಳಿದ್ದು ಬೈಸನ್. ಅದು ಗ್ರೇ.

ಎಪ್ಪತ್ತೆರಡಂಶ:
ಕೊಳೆ ವಿಷಯಕ್ಕೆ ಬರೋಣ. 1/72ರಲ್ಲಿ ಪ್ಯಾನೆಲ್ ಲೈನ್ 0.2 ಮಿಲಿಮೀಟರ್ ಅಂದುಕೊಳ್ಳಿ. 72ರಿಂದ ಗುಣಿಸಿ. 14.4 ಮಿಲಿಮೀಟರ್! ಅರ್ಧ ಇಂಚಿಗಿಂತ ಜಾಸ್ತಿ. ಅದರೊಳಗೆ ಕಡುಕಪ್ಪು ವಾಶ್, ಅಂದರೆ ನೀರಾದ ಬಣ್ಣ, ತುಂಬಿದರೆ ವಿಮಾನ ಇಟ್ಟಿಗೆ ಗೋಡೆ ಥರ ಕಾಣುತ್ತದೆ. ನನ್ನ ಮಿಗ್-21ಕ್ಕೆ ಅದನ್ನೇ ಮಾಡಿದ್ದೆ. ಒಂದು ಸ್ಪರ್ಧೆಗೆ ತಗೊಂಡು ಹೋದೆ. ತೀರ್ಪುಗಾರರು ಟಾರ್ಚ್ ಹಾಕಿ ನೋಡಿ, ಗೆರೆ ಜಾಸ್ತಿ ಆಯಿತು ಅಂದರು. ಐದು ತಿಂಗಳ ಕೆಲಸ. ಅವತ್ತು ಬಸ್ಸಿನಲ್ಲಿ ಡಬ್ಬ ತೊಡೆ ಮೇಲಿಟ್ಟುಕೊಂಡು ವಾಪಸ್ ಬಂದಿದ್ದು ಇನ್ನೂ ನೆನಪಿದೆ.

ಅದಕ್ಕಿಂತ ಮೊದಲು ಇನ್ನೂ ಕೆಟ್ಟದ್ದು ಆಗಿತ್ತು. ಎನಾಮೆಲ್ ವಾಶ್ ತೆಳು ಮಾಡಲು ವೈಟ್ ಸ್ಪಿರಿಟ್ ಮುಗಿದಿತ್ತು. ಹಾರ್ಡ್‌ವೇರ್ ಅಂಗಡಿಯಿಂದ ಲ್ಯಾಕರ್‌ಗೆ ಹಾಕುವ ಎನ್‌ಸಿ ಥಿನ್ನರ್ ತಂದೆ, 90 ರೂಪಾಯಿ. ಗ್ಲಾಸ್ ಕೋಟ್ ಸುಕ್ಕಾಯಿತು. ಅದರಡಿಯ ಡಿಕಾಲ್, ನಮ್ಮ ಕೇಸರಿ ಬಿಳಿ ಹಸಿರು ಚಕ್ರ, ಬೆರಳಿಗೆ ಅಂಟಿಕೊಂಡು ಬಂತು. ರೆಕ್ಕೆಯ ಪ್ಲಾಸ್ಟಿಕ್ ಮೆತ್ತಗಾಗಿ ನನ್ನ ಹೆಬ್ಬೆರಳ ಗುರುತು ಅಲ್ಲೇ ಉಳಿಯಿತು. ಪುಟ್ಟಿ ಹಾಕಿ ಮೊದಲಿಂದ ಶುರು.

ಈಗ ಗ್ರೇ ಮೇಲೆ ಕಡು ಗ್ರೇ ವಾಶ್. ಕಪ್ಪು ಬೇಡ. ಹೊಟ್ಟೆಯ ಕೆಳಗೆ 23 ಮಿಲಿಮೀಟರ್ ಗನ್ ಇರುವಲ್ಲಿ ಮಾತ್ರ ಮಸಿ. ಉಳಿದದ್ದು ಎಣ್ಣೆ ಬಣ್ಣದ ಚುಕ್ಕಿ ಇಟ್ಟು, ಒದ್ದೆ ಬ್ರಷ್‌ನಲ್ಲಿ ಗಾಳಿ ಹೋಗುವ ದಿಕ್ಕಿಗೆ ಎಳೆಯುವುದು.

ಕರಾವಳಿಕಿಟ್:
ಗನ್ ಹತ್ತಿರ ಮಾತ್ರ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂನಲ್ಲಿ ಮಿಗ್-21 ಸುತ್ತ ನಿಂತು ನೋಡಿದ್ದೇನೆ. ಬಣ್ಣ ಎಷ್ಟು ಕಡೆ ಮಾಸಿದೆ ಗೊತ್ತಾ?

ಎಪ್ಪತ್ತೆರಡಂಶ:
ಮ್ಯೂಸಿಯಂ ವಿಮಾನ ಹಾರುವುದಿಲ್ಲ ಸ್ವಾಮಿ! ಬಿಸಿಲು ಮಳೆಗೆ ನಿಂತು ಮಾಸುವುದೇ ಬೇರೆ, ಹಾರಿ ಹಾರಿ ಕೊಳೆಯಾಗುವುದೇ ಬೇರೆ. ಮೇಲಿಂದ ಯಾವ ಡಬ್ಬದ ಬಣ್ಣ ಬಳಿದಿರುತ್ತಾರೋ ಅದೂ ನಮಗೆ ಗೊತ್ತಿರಲ್ಲ. ಅದನ್ನು ನಂಬಿ ಎಷ್ಟು ಜನ ಕಿಟ್ ಹಾಳು ಮಾಡಿಕೊಂಡರು.

ಕರಾವಳಿಕಿಟ್:
ನಾನು ಕಣ್ಣಾರೆ ನೋಡಿದ್ದು ಸುಳ್ಳು, ನೀವು ಕ್ಯಾಲ್ಕ್ಯುಲೇಟರ್ ಒತ್ತಿದ್ದು ನಿಜ, ಹಾಗೇನಾ? ಏರೋ ಇಂಡಿಯಾಗೆ ನಾಲ್ಕು ಸಲ ಯಲಹಂಕಕ್ಕೆ ಹೋಗಿದ್ದೇನೆ. ಹಾರುವ ವಿಮಾನವನ್ನೂ ನೋಡಿದ್ದೇನೆ.

ಲೋಹಹೊಳಪು:
ಪ್ರದರ್ಶನಕ್ಕೆ ಬರುವ ವಿಮಾನ ತೊಳೆದು ತರುತ್ತಾರೆ. ಅದೂ ಲೆಕ್ಕಕ್ಕಿಲ್ಲ.

ಬಳ್ಳಾರಿಮಿಗ್:
ಎಲ್ಲರಿಗೂ ಧನ್ಯವಾದ. ಒಂದು ಸಣ್ಣ ತೊಂದರೆ. ಇಲ್ಲಿ ಮಳೆಯೇ ಇಲ್ಲ, 38 ಡಿಗ್ರಿ. ಅಕ್ರಿಲಿಕ್ ಏರ್‌ಬ್ರಷ್ ಸೂಜಿಯ ತುದಿಯಲ್ಲೇ ಒಣಗಿ ಉಂಡೆಯಾಗುತ್ತಿದೆ. ರೆಕ್ಕೆ ಮೇಲೆ ಮರಳು ಎರಚಿದ ಹಾಗೆ ಬರುತ್ತಿದೆ. ಏನು ಮಾಡಲಿ?

ಬ್ರಷ್‌ಕೈ:
ಬ್ರಷ್ ಹಿಡಿಯಿರಿ.

ಎಪ್ಪತ್ತೆರಡಂಶ:
ಬಣ್ಣ ನಿಧಾನ ಆರುವಂತೆ ಮಾಡುವ ರಿಟಾರ್ಡರ್ ಎರಡು ಮೂರು ಹನಿ ಹಾಕಿ. ಬೆಳಿಗ್ಗೆ ಆರು ಗಂಟೆಗೆ ಹೊಡೆಯಿರಿ. ಏರ್‌ಬ್ರಷ್ ಸ್ವಲ್ಪ ಹತ್ತಿರ ಹಿಡಿಯಿರಿ, ದೂರದಿಂದ ಹೊಡೆದರೆ ಬಣ್ಣ ಗಾಳಿಯಲ್ಲೇ ಒಣಗುತ್ತದೆ. ಐದು ನಿಮಿಷಕ್ಕೊಮ್ಮೆ ಥಿನ್ನರ್ ಅದ್ದಿದ ಹತ್ತಿಕಡ್ಡಿಯಿಂದ ಸೂಜಿ ತುದಿ ಒರೆಸಿ. ಆಗಲೇ ಬಂದ ಮರಳನ್ನು 3000 ನಂಬರ್ ಪೇಪರ್‌ನಲ್ಲಿ ನೀರು ಹಾಕಿ ಉಜ್ಜಿದರೆ ಹೋಗುತ್ತದೆ. ಕರಾವಳಿಯವರೇ, ನಿಮ್ಮ ಜಾಗ್ವಾರ್ ಕೂಡ ಉಳಿಯುತ್ತಿತ್ತು. ಮರುದಿನ ಬಿಸಿಲಿಗೆ ಕಾದು ಬರೀ ರಿಟಾರ್ಡರ್ ಥಿನ್ನರ್ ತೆಳ್ಳಗೆ ಹೊಡೆದಿದ್ದರೆ ಬಿಳಿ ಹೋಗುತ್ತಿತ್ತು. ಒರೆಸಿ ಕೆಡಿಸಿದ್ದು ನೀವೇ.

ಕರಾವಳಿಕಿಟ್:
ಜುಲೈನಲ್ಲಿ ಮಂಗಳೂರಿನಲ್ಲಿ ಮರುದಿನ ಬಿಸಿಲು! ಒಂದು ಸಲ ಬಂದು ಇದ್ದು ನೋಡಿ, ಆಮೇಲೆ ಹೇಳಿ. ಹನ್ನೆರಡು ದಿನ ಬಟ್ಟೆಯೇ ಒಣಗಿರಲಿಲ್ಲ.

ಲೋಹಹೊಳಪು:
ಲ್ಯಾಕರ್ ಹೊಡೆಯುವವರು ಯಾರೇ ಆಗಲಿ, ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ. ಬಟ್ಟೆ ಮಾಸ್ಕ್‌ನಿಂದ ಆವಿ ನಿಲ್ಲುವುದಿಲ್ಲ. ನಾನು ಎರಡು ವರ್ಷ ಹಾಗೇ ಹೊಡೆದೆ. ಪ್ರತಿ ಭಾನುವಾರ ಸಂಜೆ ತಲೆನೋವು. ಚಾಳೀಸು ಬಂತು ಅಂದುಕೊಂಡು ಕನ್ನಡಕ ಮಾಡಿಸಿದೆ, 3,400 ರೂಪಾಯಿ.

ಬ್ರಷ್‌ಕೈ:
ಅದಕ್ಕೇ ಹೇಳಿದ್ದು. ನನ್ನ ಮೊಮ್ಮಗಳು ಅದೇ ಕೋಣೆಯಲ್ಲಿ ಮಲಗುತ್ತಾಳೆ.

ಬಳ್ಳಾರಿಮಿಗ್:
ಬೆಳಿಗ್ಗೆ ಆರಕ್ಕೆ ಹೊಡೆದೆ, ಸರಿ ಬಂತು. ಗ್ರೇ ಮುಗಿಯಿತು. ನಿನ್ನೆ ಅಪ್ಪನಿಗೆ ಬೀಳ್ಕೊಡುಗೆಯ ಫೋಟೋ ತೋರಿಸಿ, ವಿಮಾನ ಎಲ್ಲಿ ಜಾಸ್ತಿ ಕೊಳೆ ಆಗುತ್ತಿತ್ತು ಅಂತ ಸುಮ್ನೆ ಕೇಳಿದೆ. ಒಂದು ಗಂಟೆ ಮಾತಾಡಿದರು. ಏಣಿ ಎಡಗಡೆ ಸಿಕ್ಕಿಸುತ್ತಿದ್ದರಂತೆ, ಅಲ್ಲಿ ಬಣ್ಣ ಸವೆದಿರುತ್ತಿತ್ತು. ರೆಕ್ಕೆಯ ಬುಡದಲ್ಲಿ ಬೂಟಿನ ಧೂಳು. ಉತ್ತರಲಾಯಿಯ ಮರಳು ಎಷ್ಟು ಒರೆಸಿದರೂ ಚಕ್ರದ ಗೂಡಿನಲ್ಲಿ ಉಳಿಯುತ್ತಿತ್ತು. ಮೇಲೆ ಬಿಸಿಲಿಗೆ ಬಿಳಚಿಕೊಂಡ ಗ್ರೇ, ನಡುವೆ ಹೊಸದಾಗಿ ಬಳಿದ ತುಂಡುಗಳು. ಆ ತುಂಡುಗಳಲ್ಲಿ ಕೆಲವನ್ನು ಅವರೇ ಬಳಿದದ್ದಂತೆ.

ಎಪ್ಪತ್ತೆರಡಂಶ:
ಹೊಸ ತುಂಡುಗಳಿಗೆ ಅದೇ ಗ್ರೇಗೆ ಒಂದು ಹನಿ ಕಪ್ಪು ಸೇರಿಸಿ. ಅಂಚಿಗೆ ಟೇಪ್ ಹಾಕಬೇಡಿ.

ಬ್ರಷ್‌ಕೈ:
ಅಪ್ಪ ಬಳಿದದ್ದು ಬ್ರಷ್‌ನಲ್ಲಾ? ಕೇಳಿ ಹೇಳಿ.

ಬಳ್ಳಾರಿಮಿಗ್:
ಬ್ರಷ್‌ನಲ್ಲೇ ಮೇಡಂ. ಎರಡಿಂಚಿನದು.