ಪದಚರ್ಚೆ: ತಮಿಳೀಳಂ ‘ಪ್ರತ್ಯೇಕ ರಾಜ್ಯ’ವೋ, ‘ಪ್ರತ್ಯೇಕ ದೇಶ’ವೋ?

ಗೆಳೆಯರೇ,

ಶ್ರೀಲಂಕಾ ತಮಿಳರ ಹೋರಾಟದ ಬಗ್ಗೆ ಒಂದು ಲೇಖನ ತಿದ್ದುತ್ತಿದ್ದೇನೆ. ಎಲ್‌ಟಿಟಿಇ, ಅಂದರೆ ತಮಿಳು ಹುಲಿಗಳ ಸಶಸ್ತ್ರ ಸಂಘಟನೆಯ ಬೇಡಿಕೆಯ ಮಾತು ಬಂದ ಕಡೆಯೆಲ್ಲ ‘ಪ್ರತ್ಯೇಕ ರಾಜ್ಯ’ ಅಂತಲೇ ಇದೆ. ನನಗಿದು ಸರಿ ಕಾಣುತ್ತಿಲ್ಲ. ಈಗ ಕನ್ನಡದಲ್ಲಿ ರಾಜ್ಯ ಅಂದರೆ ಕೇರಳ, ತೆಲಂಗಾಣದ ಹಾಗೆ ದೇಶದ ಒಳಗಿನ ಒಂದು ಭಾಗ, ಅಲ್ವಾ? ಹುಲಿಗಳ ನಾಯಕ ಪ್ರಭಾಕರನ್ ಬಂದೂಕು ಹಿಡಿದದ್ದು ಅದಕ್ಕಲ್ಲ. ‘ಪುಲಿಗಳಿನ್ ತಾಗಂ ತಮಿಳೀಳ ತಾಯಗಂ’ ಅನ್ನುವುದು ಅವರ ಘೋಷಣೆ. ಹುಲಿಗಳ ದಾಹ ತಮಿಳೀಳ ಎಂಬ ತಾಯ್ನಾಡು, ಅಂದರೆ ಬೇರೆಯೇ ದೇಶ.

ಬೇಡಿಕೆ ಹುಲಿಗಳೊಬ್ಬರದೇ ಆಗಿರಲಿಲ್ಲ ಅನ್ನುವುದನ್ನೂ ಮರೆಯಬಾರದು. 1976ರ ಮೇ ತಿಂಗಳಲ್ಲಿ ವಟ್ಟುಕೋಟ್ಟೈಯಲ್ಲಿ ಸ್ವತಂತ್ರ, ಸಾರ್ವಭೌಮ ತಮಿಳೀಳಂ ಬೇಕೆಂದು ನಿರ್ಣಯ ಮಾಡಿದ್ದು ಚೆಲ್ವನಾಯಗಂ, ಅಮೃತಲಿಂಗಂ ಎಂಬ ತಮಿಳು ನಾಯಕರ ಪಕ್ಷ, ತಮಿಳರ ಸಂಯುಕ್ತ ವಿಮೋಚನಾ ರಂಗ (ಟಿಯುಎಲ್‌ಎಫ್). ಅದೇ ಮಾತಿನ ಮೇಲೆ 1977ರಲ್ಲಿ ಚುನಾವಣೆಗೆ ನಿಂತು 18 ಸೀಟು ಗೆದ್ದು ಮುಖ್ಯ ವಿರೋಧ ಪಕ್ಷವೂ ಆಯಿತು. ಆ ಅಮೃತಲಿಂಗಂ ಅವರನ್ನೇ 1989ರಲ್ಲಿ ಹುಲಿಗಳು ಕೊಂದರು. ಗುರಿಗೆ ಒಂದೇ ಹೆಸರು ಇತ್ತು ಅಂತ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ರಾಜ್ಯವೋ ದೇಶವೋ ಎಂಬ ಈ ಗೊಂದಲ ಅಲ್ಲಿನ ತಮಿಳಿನಲ್ಲೂ ಇದೆ. 1949ರಲ್ಲಿ ಹುಟ್ಟಿದ ‘ಇಲಂಗೈ ತಮಿಳ್ ಅರಸು ಕಚ್ಚಿ’ (ಕಚ್ಚಿ ಅಂದರೆ ಪಕ್ಷ) ಕೇಳುತ್ತಿದ್ದದ್ದು ಫೆಡರಲ್ ವ್ಯವಸ್ಥೆ, ಅಂದರೆ ದೇಶ ಒಂದೇ ಆಗಿದ್ದು ಕೇಂದ್ರ ಮತ್ತು ಪ್ರಾಂತ್ಯಗಳ ನಡುವೆ ಅಧಿಕಾರ ಹಂಚಿಕೆ; ಇಂಗ್ಲಿಷಿನಲ್ಲಿ ಅದರ ಹೆಸರೂ ಫೆಡರಲ್ ಪಾರ್ಟಿ. ಆದರೆ ತಮಿಳಿನ ‘ಅರಸು’ ಅಂದರೆ ನಮ್ಮ ಅರಸನಲ್ಲ, ಸರ್ಕಾರ ಅಥವಾ ಪ್ರಭುತ್ವ. ಅದನ್ನೇ ಹಿಡಿದುಕೊಂಡು ವಿರೋಧಿಗಳು ದೇಶ ಒಡೆಯುವ ಪಕ್ಷ ಅಂದರು. ಫೆಡರಲ್ ವ್ಯವಸ್ಥೆ ಕೇಳುವುದು ಪ್ರತ್ಯೇಕತೆ ಅಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ!

ಇನ್ನೊಂದು ತೊಡಕು ‘ಸ್ವಾಯತ್ತತೆ’. 1985ರಲ್ಲಿ ಭೂತಾನಿನ ಥಿಂಪುವಿನಲ್ಲಿ ಶ್ರೀಲಂಕಾ ಸರ್ಕಾರದ ಜೊತೆ ನಡೆದ ಮಾತುಕತೆಯಲ್ಲಿ ತಮಿಳು ಸಂಘಟನೆಗಳೆಲ್ಲ ಸೇರಿ ಇಟ್ಟ ನಾಲ್ಕು ತತ್ವಗಳಲ್ಲಿ ಒಂದು, ತಮ್ಮ ಭವಿಷ್ಯವನ್ನು ತಾವೇ ತೀರ್ಮಾನಿಸುವ ಹಕ್ಕು. ತಮಿಳಿನಲ್ಲಿ ‘ಸುಯನಿರ್ಣಯ ಉರಿಮೈ’, ಅಂದರೆ ಸ್ವನಿರ್ಣಯದ ಹಕ್ಕು. 2002ರ ಡಿಸೆಂಬರಿನಲ್ಲಿ ನಾರ್ವೆಯ ಓಸ್ಲೋದಲ್ಲಿ ನಡೆದ ಮಾತುಕತೆಯಲ್ಲಿ, ಒಂದಾಗಿರುವ ಶ್ರೀಲಂಕಾದೊಳಗೇ ಫೆಡರಲ್ ಪರಿಹಾರ ಹುಡುಕೋಣ ಅಂತ ಸರ್ಕಾರ, ಹುಲಿಗಳು ಇಬ್ಬರೂ ಒಪ್ಪಿದಾಗ ಅದು ‘ಆಂತರಿಕ’ ಸ್ವನಿರ್ಣಯ ಆಯಿತು. ಲೇಖನದಲ್ಲಿ ಎರಡಕ್ಕೂ ಸುಮ್ನೆ ‘ಸ್ವಾಯತ್ತತೆ’ ಅಂತ ಹಾಕಿಬಿಟ್ಟಿದ್ದಾರೆ. ಸ್ವಾಯತ್ತತೆ ಅಂದರೆ ಮೇಲಿನವರು ಕೊಡುವ ಅಧಿಕಾರ, ಸ್ವನಿರ್ಣಯ ಅಂದರೆ ತಮ್ಮದೇ ಹಕ್ಕು. ಹೀಗೆ ಬರೆದರೆ 1985ರಿಂದ 2002ಕ್ಕೆ ನಿಲುವು ಎಷ್ಟು ಸಡಿಲವಾಯಿತು ಅನ್ನುವುದೇ ಓದುಗರಿಗೆ ತಿಳಿಯುವುದಿಲ್ಲ.

ನಾನು ತಮಿಳೀಳಂಗೆ ‘ಪ್ರತ್ಯೇಕ ದೇಶ’, ಓಸ್ಲೋ ಮಾತಿಗೆ ‘ಆಂತರಿಕ ಸ್ವನಿರ್ಣಯ’ ಅಂತ ಬಳಸೋಣ ಅಂದುಕೊಂಡಿದ್ದೇನೆ. ‘ಸ್ವನಿರ್ಣಯ’ಕ್ಕಿಂತ ಸಲೀಸಾದ ಪದ ಯಾರಾದರೂ ಬಳಸಿದ್ದೀರಾ? ‘ಫೆಡರಲ್’ಗೆ ‘ಒಕ್ಕೂಟ’ ಸಾಕಾ?